ಭಾರಿ ನಾಯಿಗೆ ಎಂತಹ ಹಾಸಿಗೆ?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಮನುಷ್ಯರಿಗಾಗಿ ಹುಟ್ಟಿದ್ದು. ನಾಯಿಯು ಅದನ್ನು ಪಾಲಿಸಲಾರದು. ತನ್ನ ಕಾಲು ಎಷ್ಟು ಉದ್ದವೋ ಅಷ್ಟನ್ನೂ ಚಾಚಿ ಅದು ಮಲಗುತ್ತದೆ. ಹಾಸಿಗೆ ಸಾಲದೆ ಹೋದರೆ ಉಳಿದುದನ್ನು ನೆಲದ ಮೇಲೆ ಚಾಚುತ್ತದೆ. ಆದುದರಿಂದ ನಾಯಿಯನ್ನು ಸಾಕುವವರು ಗಾದೆಯನ್ನು ತಿರುಗಿಸಿಕೊಂಡು, ಕಾಲಿದ್ದಷ್ಟು ಹಾಸಿಗೆಯನ್ನು ಒದಗಿಸಬೇಕಾಗುತ್ತದೆ. ಉದ್ದಗಲಗಳ ಮಟ್ಟಿಗೆ ಇದು ಸುಲಭ. ಒಂದು ಅಳತೆಪಟ್ಟಿ ಇದ್ದರೆ ಸಾಕು. ಆದರೆ ಹಾಸಿಗೆಯು ಎಷ್ಟು ದಪ್ಪವಾಗಿರಬೇಕು, ಎಷ್ಟು ಗಟ್ಟಿಯಾಗಿರಬೇಕು, ಯಾವ ವಸ್ತುವಿನದಾಗಿರಬೇಕು ಎಂಬ ಪ್ರಶ್ನೆಗಳೆದ್ದಾಗ ಕೊಳ್ಳುವವರೂ ಮಾರುವವರೂ ಒಂದೇ ಮಾತನ್ನು ಆಶ್ರಯಿಸುತ್ತಾರೆ: ‘ಮುಟ್ಟಿ ನೋಡಿ, ಎಷ್ಟು ಮೆತ್ತಗಿದೆ!’

ಮೆತ್ತಗಿರುವುದೇ ಹಾಸಿಗೆಯ ಗುಣವೆಂಬ ಈ ನಂಬಿಕೆಯು ಸಣ್ಣ ನಾಯಿಯ ವಿಷಯದಲ್ಲಿ ಅಷ್ಟೇನೂ ಕೆಡುಕು ಮಾಡದು. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಮ್ಯಾಸ್ಟಿಫ್ ಮೊದಲಾದ ಭಾರಿ ತಳಿಗಳ ವಿಷಯದಲ್ಲಿ ಮಾತ್ರ ಅದು ಹಾನಿಕರ. ಬೆಂಗಳೂರಿನಂತಹ ನಗರಗಳ ಮಹಡಿಮನೆಗಳಲ್ಲಿ, ನುಣುಪಾದ ಟೈಲ್ಸ್ ಮತ್ತು ಗ್ರಾನೈಟ್ ನೆಲದ ಮೇಲೆ, ಇಂತಹ ನಾಯಿಗಳನ್ನು ಸಾಕುವವರು ಇಂದು ಇದ್ದಾರೆ. ಬೆಳೆದ ಗಂಡು ಗ್ರೇಟ್ ಡೇನ್ ೬೦ರಿಂದ ೮೦ ಕಿಲೋಗ್ರಾಂ ತೂಗುತ್ತದೆ. ಅದು ಒಬ್ಬ ಪ್ರೌಢ ಮನುಷ್ಯನ ತೂಕ. ಅದರ ಆಯುಸ್ಸು ಸಾಮಾನ್ಯವಾಗಿ ೭ರಿಂದ ೧೦ ವರ್ಷ. ಈ ಅಲ್ಪಾಯುಸ್ಸಿನಲ್ಲಿಯೂ ಸುಮಾರು ಅರ್ಧ ಭಾಗವನ್ನು ಅದು ಮಲಗಿಯೇ ಕಳೆಯುತ್ತದೆ. ಮಲಗಿದ ಕಡೆ ನೋವಾದರೆ ಹೇಳಿಕೊಳ್ಳಲು ಅದಕ್ಕೆ ಬಾಯಿಲ್ಲ. ಆದುದರಿಂದ ಅದರ ಹಾಸಿಗೆಯನ್ನು ಆರಿಸುವಾಗ ನಮ್ಮ ಅಂಗೈಯ ಅನಿಸಿಕೆಗಿಂತ ಲೆಕ್ಕವನ್ನು ನಂಬಬೇಕು. ಆ ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಮಾರುವವರಿಂದ ಕೇಳಿ ಪಡೆಯಬೇಕು. ಇದೇ ಈ ಲೇಖನದ ವಾದ.

ಲೆಕ್ಕದ ಮೂಲಸೂತ್ರ ಹಳೆಯದು. ೧೬೩೮ರಲ್ಲಿ ಪ್ರಕಟವಾದ ‘ಎರಡು ಹೊಸ ವಿಜ್ಞಾನಗಳು’ ಎಂಬ ಗ್ರಂಥದಲ್ಲಿ ಗೆಲಿಲಿಯೋ, ಒಂದು ಪ್ರಾಣಿಯ ಆಕಾರವನ್ನು ಹಾಗೆಯೇ ಇರಿಸಿ ಗಾತ್ರವನ್ನು ಮಾತ್ರ ಹಿಗ್ಗಿಸುತ್ತ ಹೋದರೆ ಅದರ ಎಲುಬುಗಳು ಕೊನೆಗೆ ತನ್ನ ಭಾರವನ್ನೇ ತಾಳಲಾರವೆಂದು ತೋರಿಸಿದನು. ಕುತೂಹಲದ ಸಂಗತಿಯೆಂದರೆ, ಅಲ್ಲಿ ಅವನು ಕೊಡುವ ಉದಾಹರಣೆಗಳಲ್ಲಿ ನಾಯಿಯೂ ಒಂದು. ಸಣ್ಣ ನಾಯಿಯು ತನ್ನಷ್ಟೇ ದೊಡ್ಡವಾದ ಎರಡು ಮೂರು ನಾಯಿಗಳನ್ನು ಬೆನ್ನ ಮೇಲೆ ಹೊತ್ತೀತು, ಕುದುರೆಯಾದರೋ ತನ್ನಷ್ಟಿರುವ ಒಂದು ಕುದುರೆಯನ್ನೂ ಹೊರಲಾರದು ಎಂಬುದು ಅವನ ಅಭಿಪ್ರಾಯ. ಕಾರಣ ಸರಳವಾಗಿದೆ. ಉದ್ದ, ಅಗಲ, ಎತ್ತರಗಳು ಮೂರೂ ಇಮ್ಮಡಿಯಾದರೆ ಮೈಯ ವಿಸ್ತೀರ್ಣವು ನಾಲ್ಮಡಿಯಾಗುತ್ತದೆ. ಘನಫಲವೂ ಅದರೊಡನೆ ತೂಕವೂ ಎಂಟು ಮಡಿಯಾಗುತ್ತವೆ.

ಇದನ್ನು ಮಲಗಿರುವ ನಾಯಿಗೆ ಅನ್ವಯಿಸೋಣ. ೮ ಕಿಲೋಗ್ರಾಂ ತೂಕದ ಒಂದು ಸಣ್ಣ ನಾಯಿಯನ್ನೂ ೬೪ ಕಿಲೋಗ್ರಾಂ ತೂಕದ ಒಂದು ದೊಡ್ಡ ನಾಯಿಯನ್ನೂ ತೆಗೆದುಕೊಳ್ಳಿ. ಎರಡರ ಆಕಾರವೂ ಒಂದೇ ಬಗೆಯದೆಂದು ಭಾವಿಸೋಣ. ತೂಕದಲ್ಲಿ ಎರಡನೆಯದು ಎಂಟು ಮಡಿ. ಉದ್ದದಲ್ಲಿ ಎರಡೇ ಮಡಿ. ಮಲಗಿದಾಗ ನೆಲಕ್ಕೆ ತಾಗುವ ಮೈಯ ವಿಸ್ತೀರ್ಣ ನಾಲ್ಕು ಮಡಿ. ಎಂಟು ಮಡಿ ಭಾರವು ನಾಲ್ಕು ಮಡಿ ಜಾಗದಲ್ಲಿ ಹಂಚಿಹೋದರೆ, ಒಂದೊಂದು ಚದರ ಸೆಂಟಿಮೀಟರಿನ ಪಾಲಿಗೆ ಬರುವುದು ಇಮ್ಮಡಿ ಭಾರ. ಎಂದರೆ ದೊಡ್ಡ ನಾಯಿಯ ಚರ್ಮವೂ ಅದರಡಿಯ ಮಾಂಸವೂ ಸಣ್ಣ ನಾಯಿಯವುಗಳಿಗಿಂತ ಎರಡರಷ್ಟು ಒತ್ತಡವನ್ನು ತಾಳಬೇಕಾಗುತ್ತದೆ. ಎರಡರ ಚರ್ಮವೂ ಮಾಂಸವೂ ಒಂದೇ ಬಗೆಯ ಜೀವಕೋಶಗಳಿಂದಾದುವು. ದೊಡ್ಡದಕ್ಕೆ ಇಮ್ಮಡಿ ಗಟ್ಟಿಯಾದ ಕೋಶಗಳನ್ನು ಪ್ರಕೃತಿ ಕೊಟ್ಟಿಲ್ಲ.

ಕಲ್ಲಿನ ನೆಲದ ಮೇಲೆ ನಾಯಿ ಮಗ್ಗುಲಾಗಿ ಮಲಗಿದಾಗ ಮೈಯೆಲ್ಲ ನೆಲಕ್ಕೆ ತಾಗುವುದಿಲ್ಲ. ಭುಜ, ಪಕ್ಕೆ, ಸೊಂಟದ ಎಲುಬು, ಮುಂಗಾಲಿನ ಮೊಳಕೈ ಎಂಬ ಕೆಲವೇ ಉಬ್ಬುಗಳ ಮೇಲೆ ಭಾರವೆಲ್ಲ ನಿಲ್ಲುತ್ತದೆ. ಈ ಉಬ್ಬುಗಳ ಒಟ್ಟು ವಿಸ್ತೀರ್ಣವನ್ನು ಲೆಕ್ಕಕ್ಕಾಗಿ ೨೦೦ ಚದರ ಸೆಂಟಿಮೀಟರು ಎಂದು ಹಿಡಿದರೆ, ೬೪ ಕಿಲೋಗ್ರಾಂ ನಾಯಿಯಲ್ಲಿ ಒತ್ತಡವು ಚದರ ಸೆಂಟಿಮೀಟರಿಗೆ ೩೨೦ ಗ್ರಾಂ ಆಗುತ್ತದೆ. ಅದೇ ನಾಯಿಯ ಮೈಗೆ ಒಪ್ಪಿಕೊಂಡು ಬಾಗುವ ಹಾಸಿಗೆಯೊಂದು ೨,೦೦೦ ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ ಆಧಾರ ಕೊಟ್ಟರೆ ಒತ್ತಡವು ೩೨ ಗ್ರಾಮಿಗೆ ಇಳಿಯುತ್ತದೆ. ಈ ಅಂತರದ ಅರ್ಥವೇನೆಂಬುದನ್ನು ಇನ್ನೊಂದು ಅಂಕಿಯೊಡನೆ ಹೋಲಿಸಿ ತಿಳಿಯಬಹುದು. ೧೯೩೦ರಲ್ಲಿ ಯೂಜೀನ್ ಲ್ಯಾಂಡಿಸ್ ಎಂಬ ಶರೀರವಿಜ್ಞಾನಿ ಮನುಷ್ಯನ ಉಗುರಿನ ಬುಡದ ಲೋಮನಾಳಗಳಲ್ಲಿ ರಕ್ತದ ಒತ್ತಡವನ್ನು ಅಳೆದರು. ರಕ್ತವು ನಾಳವನ್ನು ಹೊಗುವ ಕಡೆಯಲ್ಲಿ ಅದು ಪಾದರಸದ ೩೨ ಮಿಲಿಮೀಟರಿನಷ್ಟಿತ್ತು. ನಮ್ಮ ಲೆಕ್ಕದ ಭಾಷೆಯಲ್ಲಿ ಇದು ಚದರ ಸೆಂಟಿಮೀಟರಿಗೆ ಸುಮಾರು ೪೩ ಗ್ರಾಂ. ದೇಹದ ಬೇರೆ ಬೇರೆ ಕಡೆಗಳಲ್ಲಿ, ಬೇರೆ ಬೇರೆ ಪ್ರಾಣಿಗಳಲ್ಲಿ ಈ ಅಂಕಿ ಬದಲಾಗುವುದಾದರೂ ಅಳತೆಯ ಮಟ್ಟವನ್ನು ಅದು ತೋರಿಸುತ್ತದೆ. ಹೊರಗಿನ ಒತ್ತಡವು ಇದನ್ನು ಬಹಳವಾಗಿ ಮೀರಿ ಬಹಳ ಹೊತ್ತು ನಿಂತರೆ, ಆ ಭಾಗಕ್ಕೆ ರಕ್ತದ ಪೂರೈಕೆ ಕುಂದುತ್ತದೆ.

ಭಾರಿ ನಾಯಿಗಳ ಮೊಳಕೈಯನ್ನು ನೋಡಿದವರಿಗೆ ಇದರ ಫಲ ಗೊತ್ತು. ಮೊದಲು ಕೂದಲುದುರಿ ಚರ್ಮ ಜಡ್ಡುಗಟ್ಟುತ್ತದೆ. ಗಟ್ಟಿ ನೆಲದ ಮೇಲೆ ಧೊಪ್ಪನೆ ಮಲಗುವ ಅಭ್ಯಾಸ ಮುಂದುವರಿದರೆ ಕೆಲವು ನಾಯಿಗಳಲ್ಲಿ ಆ ಜಾಗದಲ್ಲಿ ನೀರು ತುಂಬಿದ ಗಂಟು ಏಳುತ್ತದೆ. ಪಶುವೈದ್ಯರು ಇದನ್ನು ಹೈಗ್ರೋಮಾ ಎನ್ನುತ್ತಾರೆ. ಅವರು ಮೊದಲಿಗೆ ಸೂಚಿಸುವ ಉಪಾಯ ಕತ್ತಿಯೂ ಅಲ್ಲ, ಸೂಜಿಯೂ ಅಲ್ಲ, ಒಳ್ಳೆಯ ಹಾಸಿಗೆ.

‘ಹಳ್ಳಿಯ ನಾಯಿಗೆ ಯಾವ ಹಾಸಿಗೆ ಇತ್ತು? ಅದು ಚೆನ್ನಾಗಿಯೇ ಬದುಕಲಿಲ್ಲವೇ?’ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಹಳ್ಳಿಯ ನಾಯಿ ಎಲ್ಲಿ ಮಲಗುತ್ತಿತ್ತೆಂಬುದನ್ನು ನೆನೆಯಬೇಕು. ಅದು ತಿಪ್ಪೆಯ ಬದಿಯ ಬೂದಿಯಲ್ಲಿ, ಮರಳಿನ ಗುಡ್ಡೆಯ ಮೇಲೆ, ಹುಲ್ಲಿನ ಬಣವೆಯ ಬುಡದಲ್ಲಿ ಮಲಗುತ್ತಿತ್ತು. ಮಲಗುವ ಮೊದಲು ಕಾಲಿನಿಂದ ಕೆರೆದು ಒಂದು ತಗ್ಗು ಮಾಡಿಕೊಳ್ಳುತ್ತಿತ್ತು. ಆ ತಗ್ಗು ಮೈಯ ಆಕಾರಕ್ಕೆ ಹೊಂದಿಕೊಂಡು ತಾಗುವ ವಿಸ್ತೀರ್ಣವನ್ನು ಹೆಚ್ಚಿಸುತ್ತದೆ. ನಾಯಿ ತಾನಾಗಿಯೇ ಆರಿಸಿಕೊಂಡ ಹಾಸಿಗೆ ಅದು. ಅಲ್ಲದೆ ಅದರ ತೂಕ ಹದಿನೈದೋ ಇಪ್ಪತ್ತೋ ಕಿಲೋಗ್ರಾಂ. ಅದರ ನಾಲ್ಕರಷ್ಟು ತೂಗುವ ಪ್ರಾಣಿಯನ್ನು ತಂದು, ಎಷ್ಟು ಕೆರೆದರೂ ಬಿಟ್ಟುಕೊಡದ ಗ್ರಾನೈಟಿನ ಮೇಲೆ ಇರಿಸಿದವರು ನಾವು. ಆದುದರಿಂದ ಹೊಣೆಯೂ ನಮ್ಮದೇ.

ಹಾಸಿಗೆಗೆ ಎರಡು ಕರ್ತವ್ಯಗಳಿವೆ. ಉಬ್ಬಿದ ಕಡೆ ಅದು ತಗ್ಗಬೇಕು. ಆದರೆ ಪೂರ್ತಿಯಾಗಿ ಸೋತು ನೆಲವನ್ನು ಮುಟ್ಟಬಾರದು. ಮೊದಲನೆಯದು ಮೆದುತನ, ಎರಡನೆಯದು ಆಧಾರ. ಇಂದು ಬಹುವಾಗಿ ಬಳಕೆಯಲ್ಲಿರುವ ಪಾಲಿಯುರೆಥೇನ್ ಫೋಮಿನಲ್ಲಿ ಇವೆರಡನ್ನೂ ಚೆನ್ನಾಗಿ ನೋಡಬಹುದು. ಜರ್ಮನಿಯಲ್ಲಿ ಆಟೊ ಬಾಯರ್ ಮತ್ತು ಅವನ ಸಂಗಡಿಗರು ೧೯೩೭ರಲ್ಲಿ ಕಂಡುಹಿಡಿದ ಪಾಲಿಯುರೆಥೇನಿನಿಂದ ಹುಟ್ಟಿದ ಈ ಫೋಮು ಅಸಂಖ್ಯಾತ ಸಣ್ಣ ಗೂಡುಗಳ ರಾಶಿ. ಮೆಲ್ಲಗೆ ಒತ್ತಿದರೆ ಗೂಡುಗಳ ಕಡ್ಡಿಗಳು ಸ್ವಲ್ಪ ಬಾಗುತ್ತವೆ. ಇನ್ನೂ ಒತ್ತಿದರೆ ಒಂದೊಂದಾಗಿ ಮಡಿಚಿಕೊಳ್ಳುತ್ತವೆ. ಆಗ ಹೆಚ್ಚಿನ ಬಲವಿಲ್ಲದೆಯೇ ಫೋಮು ತಗ್ಗುತ್ತ ಹೋಗುತ್ತದೆ. ದಪ್ಪದ ಸುಮಾರು ಮೂರರಲ್ಲಿ ಎರಡು ಪಾಲು ಕುಗ್ಗಿದ ಮೇಲೆ ಗೂಡುಗಳೆಲ್ಲ ಮುಚ್ಚಿಹೋಗಿ ಗೋಡೆಗೆ ಗೋಡೆ ತಾಗುತ್ತದೆ. ಅಲ್ಲಿಂದಾಚೆಗೆ ಫೋಮು ಹಲಗೆಯಂತೆ ಗಟ್ಟಿ. ನಾಯಿಯ ಸೊಂಟವು ಈ ಮೂರನೆಯ ಹಂತವನ್ನು ಮುಟ್ಟಿತೆಂದರೆ ಹಾಸಿಗೆ ಇದ್ದೂ ಇಲ್ಲದಂತೆಯೇ.

ಅಂಗಡಿಯಲ್ಲಿ ನಾವು ಅಂಗೈಯಿಂದ ಒತ್ತಿ ನೋಡುವುದು ಮೊದಲನೆಯ ಹಂತವನ್ನು ಮಾತ್ರ. ಪರೀಕ್ಷಾಲಯಗಳಲ್ಲಿ ಇದಕ್ಕಿಂತ ಒಳ್ಳೆಯ ಕ್ರಮವುಂಟು. ದುಂಡನೆಯ ತಟ್ಟೆಯೊಂದರಿಂದ ಒತ್ತಿ, ಫೋಮಿನ ದಪ್ಪವನ್ನು ಶೇಕಡಾ ೨೫ರಷ್ಟು ಕುಗ್ಗಿಸಲು ಎಷ್ಟು ಬಲ ಬೇಕು, ಶೇಕಡಾ ೬೫ರಷ್ಟು ಕುಗ್ಗಿಸಲು ಎಷ್ಟು ಬಲ ಬೇಕು ಎಂದು ಅಳೆಯುತ್ತಾರೆ. ಎರಡನೆಯ ಬಲವನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಅಂಕಿಯನ್ನು ಆಧಾರಾಂಕವೆನ್ನೋಣ. ಸಾಧಾರಣ ಫೋಮಿನಲ್ಲಿ ಅದು ಎರಡರ ಹತ್ತಿರ ಇರುತ್ತದೆ. ಉತ್ತಮವಾದುದರಲ್ಲಿ ಎರಡೂವರೆಯೋ ಅದಕ್ಕೂ ಹೆಚ್ಚೋ ಆಗಿರುತ್ತದೆ. ಈ ಅಂಕಿ ದೊಡ್ಡದಾದಷ್ಟೂ ಹಾಸಿಗೆಯು ಕೈಗೆ ಮೆತ್ತಗಿದ್ದೂ ಭಾರಕ್ಕೆ ಸೋಲದೆ ನಿಲ್ಲುತ್ತದೆ.

ಈಗ ಮೊದಲಿನ ಎರಡು ನಾಯಿಗಳಿಗೆ ಹಿಂತಿರುಗೋಣ. ಸಣ್ಣ ನಾಯಿಗೆ ೬ ಸೆಂಟಿಮೀಟರು ದಪ್ಪದ ಹಾಸಿಗೆ ಸರಿಯಾಗಿ ಹೊಂದಿದೆಯೆಂದು ಇಟ್ಟುಕೊಳ್ಳಿ. ದೊಡ್ಡ ನಾಯಿಗೆ ಅಷ್ಟೇ ಸುಖ ದೊರೆಯಬೇಕಾದರೆ ಏನು ಮಾಡಬೇಕು? ಅದರ ಎಲುಬಿನ ಉಬ್ಬುಗಳು ಇಮ್ಮಡಿ ದೊಡ್ಡವು. ಅವುಗಳನ್ನು ಒಳಗೊಳ್ಳಲು ಹಾಸಿಗೆ ಇಮ್ಮಡಿ ದಪ್ಪವಾಗಿರಬೇಕು. ಒತ್ತಡವೂ ಇಮ್ಮಡಿ; ಅಷ್ಟೇ ಪ್ರಮಾಣದಲ್ಲಿ ಕುಗ್ಗಬೇಕಾದರೆ ಫೋಮು ಇಮ್ಮಡಿ ಬಿರುಸಾಗಿರಬೇಕು. ಉದ್ದಗಲಗಳಂತೂ ಇಮ್ಮಡಿಯಾಗಲೇಬೇಕು. ಅಂಗಡಿಗಳಲ್ಲಿ ‘ದೊಡ್ಡ ಅಳತೆ’ ಎಂದು ದೊರೆಯುವ ಎಷ್ಟೋ ಹಾಸಿಗೆಗಳಲ್ಲಿ ಹಿಗ್ಗಿರುವುದು ಉದ್ದಗಲಗಳು ಮಾತ್ರ. ದಪ್ಪವೂ ಫೋಮೂ ಸಣ್ಣ ಹಾಸಿಗೆಯವೇ. ಅಂತಹ ಹಾಸಿಗೆ ನಾಯಿಯನ್ನು ಒಳಗೊಳ್ಳುತ್ತದೆ, ಆದರೆ ಹೊರುವುದಿಲ್ಲ. ನಮ್ಮ ಲೆಕ್ಕದಂತೆ ೧೨ ಸೆಂಟಿಮೀಟರಿಗಿಂತ ತೆಳುವಾದ ಫೋಮು ಇಂತಹ ನಾಯಿಗೆ ಆಗದು. ಕಾಲಕ್ರಮದಲ್ಲಿ ಫೋಮು ಸ್ವಲ್ಪ ಕುಗ್ಗುವುದನ್ನು ಗಣಿಸಿದರೆ ೧೫ ಸೆಂಟಿಮೀಟರು ಇದ್ದರೆ ಒಳ್ಳೆಯದು.

ವಸ್ತುಗಳ ವಿಚಾರ. ಹತ್ತಿಯ ಹಾಸಿಗೆ ನಮಗೆಲ್ಲ ಪರಿಚಿತ. ಆದರೆ ಹತ್ತಿಯ ಎಳೆಗೆ ಪುಟಿದೇಳುವ ಗುಣ ಕಡಮೆ. ಭಾರವು ದಿನವೂ ಒಂದೇ ಕಡೆ ಬಿದ್ದರೆ ಅದು ಗಂಟುಗಟ್ಟಿ ಹೋಗುತ್ತದೆ. ಹಿಂಜಿಸಿ ಮತ್ತೆ ತುಂಬಿಸದಿದ್ದರೆ ಹಾಸಿಗೆ ಹಾಸುಗಲ್ಲಾಗುತ್ತದೆ. ರಬ್ಬರು ಹಾಕಿ ಬಂಧಿಸಿದ ತೆಂಗಿನ ನಾರು ಗಟ್ಟಿಯಾದ ತಳಕ್ಕೆ ಯೋಗ್ಯ, ಗಾಳಿಯೂ ಆಡುತ್ತದೆ. ಮೇಲುಪದರಕ್ಕೆ ಮಾತ್ರ ಅದು ಬಹಳ ಬಿರುಸು. ೧೯೬೬ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಆಸನಗಳಿಗೆಂದು ರೂಪುಗೊಂಡ ‘ಮೆಮೊರಿ ಫೋಮ್’ ದೇಹದ ಬಿಸಿಗೆ ಮೆತ್ತಗಾಗಿ ಆಕಾರಕ್ಕೆ ಸೊಗಸಾಗಿ ಒಪ್ಪುತ್ತದೆ. ಆದರೆ ಅದು ನಿಧಾನವಾಗಿ ಹಿಂದಿರುಗುವ ವಸ್ತು. ಪೂರ್ತಿ ಅದರಿಂದಲೇ ಮಾಡಿದ ಹಾಸಿಗೆಯಲ್ಲಿ ಮುಳುಗಿದ ಮುದಿನಾಯಿಗೆ ಮಗ್ಗುಲು ಬದಲಿಸುವುದೂ ಏಳುವುದೂ ಕಷ್ಟ. ಕೆಳಗೆ ೧೦ ಸೆಂಟಿಮೀಟರು ಬಿರುಸಾದ, ಪುಟಿಯುವ ಫೋಮು ಅಥವಾ ರಬ್ಬರು ನಾರು. ಅದರ ಮೇಲೆ ೪–೫ ಸೆಂಟಿಮೀಟರು ಮೆದುವಾದ ಪದರ. ಎರಡು ಕರ್ತವ್ಯಗಳನ್ನು ಎರಡು ಪದರಗಳಿಗೆ ಹಂಚುವ ಈ ಕ್ರಮವೇ ನನಗೆ ಮೇಲೆನಿಸುತ್ತದೆ.

ಮಾರುವವರು ಅಂಕಿಗಳನ್ನು ಕೊಡದಿದ್ದರೆ ವಾಚಕರು ಕೈಕಟ್ಟಿ ಕೂರಬೇಕಾಗಿಲ್ಲ. ಮನೆಯಲ್ಲಿಯೇ ಮಾಡಬಹುದಾದ ಮೂರು ಪರೀಕ್ಷೆಗಳಿವೆ. ಮೊದಲನೆಯದು ತಕ್ಕಡಿಯದು. ೧೨೦ ಸೆಂಟಿಮೀಟರು ಉದ್ದ, ೯೦ ಅಗಲ, ೧೫ ದಪ್ಪದ ಫೋಮಿನ ಘನಫಲ ೦.೧೬೨ ಘನಮೀಟರು. ಘನಮೀಟರಿಗೆ ೪೦ ಕಿಲೋಗ್ರಾಂ ಸಾಂದ್ರತೆಯ ಫೋಮಾದರೆ ಅದು ಸುಮಾರು ಆರೂವರೆ ಕಿಲೋಗ್ರಾಂ ತೂಗಬೇಕು. ಮೂರು ಕಿಲೋಗ್ರಾಂ ಮಾತ್ರ ತೂಗಿದರೆ ಸಾಂದ್ರತೆ ೧೮ರ ಹತ್ತಿರ ಎಂದಾಯಿತು; ಅಂತಹ ಹಗುರವಾದ ಫೋಮು ಭಾರಿ ನಾಯಿಯಡಿಯಲ್ಲಿ ಬೇಗನೆ ಕುಸಿಯುತ್ತದೆ. ಸಾಂದ್ರತೆಯೇ ಬಿರುಸಲ್ಲ, ನಿಜ. ಆದರೆ ಬಾಳಿಕೆಗೆ ಅದು ಒಳ್ಳೆಯ ಸಾಕ್ಷಿ. ಎರಡನೆಯದು ಮಂಡಿಯ ಪರೀಕ್ಷೆ. ಹಾಸಿಗೆಯನ್ನು ಗಟ್ಟಿ ನೆಲದ ಮೇಲೆ ಹಾಸಿ ಎರಡು ಮಂಡಿಗಳನ್ನೂ ಊರಿ ಐದು ನಿಮಿಷ ನಿಲ್ಲಿ. ಮಂಡಿಗೆ ನೆಲ ತಿಳಿದರೆ ನಾಯಿಯ ಮೊಳಕೈಗೂ ತಿಳಿಯುತ್ತದೆ. ಮೂರನೆಯದು ದಾದಿಯರು ರೋಗಿಗಳ ಹಾಸಿಗೆಗೆ ಮಾಡುವ ಪರೀಕ್ಷೆ. ನಾಯಿ ಮಲಗಿ ಸ್ವಲ್ಪ ಹೊತ್ತಾದ ಮೇಲೆ, ಅದರ ಸೊಂಟದ ನೇರದಲ್ಲಿ ಹಾಸಿಗೆಯ ಅಡಿಗೆ ಅಂಗೈಯನ್ನು ಮೇಲ್ಮುಖವಾಗಿ ತೂರಿಸಿ. ಎಲುಬು ಕೈಗೆ ಸಿಕ್ಕಿತೆಂದರೆ ಹಾಸಿಗೆ ಸೋತಿದೆ.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕುಂಟು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಶಕ್ತಿ ಇಲ್ಲ. ಅದು ತೇಕುತ್ತ ಬಿಸಿಯನ್ನು ಹೊರಹಾಕುತ್ತದೆ. ದೇಹ ದೊಡ್ಡದಾದಷ್ಟೂ ತೂಕಕ್ಕೆ ತಕ್ಕ ಮೈ ವಿಸ್ತೀರ್ಣ ಕಡಮೆ. ಒತ್ತಡವನ್ನು ಹೆಚ್ಚಿಸಿದ ಸೂತ್ರವೇ ಇಲ್ಲಿ ತಂಪನ್ನು ಕಡಮೆ ಮಾಡುತ್ತದೆ. ಫೋಮು ಉಷ್ಣವನ್ನು ಬಲು ಮಂದವಾಗಿ ಸಾಗಿಸುವ ವಸ್ತು. ಗ್ರಾನೈಟು ಅದಕ್ಕಿಂತ ಹತ್ತಾರು ಪಟ್ಟು ಬೇಗನೆ ಸಾಗಿಸುತ್ತದೆ. ಕಲಬುರಗಿಯ ಬೇಸಗೆಯಲ್ಲಿ ನಾಯಿ ಬೆಲೆಬಾಳುವ ಹಾಸಿಗೆಯನ್ನು ಬಿಟ್ಟು ಬಚ್ಚಲುಮನೆಯ ಕಲ್ಲಿನ ಮೇಲೆ ಮಲಗಿದರೆ ಅದನ್ನು ಹಠವೆನ್ನಬಾರದು. ಆ ಹೊತ್ತಿಗೆ ಎರಡು ಕಷ್ಟಗಳಲ್ಲಿ ಸಣ್ಣದನ್ನು ಅದು ಆರಿಸಿಕೊಂಡಿದೆ. ಬಿಗಿಯಾಗಿ ಹೆಣೆದ ತಗ್ಗಾದ ನವಾರದ ಮಂಚದ ಮೇಲೆ ಗಾಳಿಯಾಡುವ ನಾರಿನ ಹಾಸಿಗೆ, ಅದರ ಮೇಲೆ ತೆಳುವಾದ ಹತ್ತಿಬಟ್ಟೆಯ ಹೊದಿಕೆ: ಬೇಸಗೆಗೆ ಇದು ತಕ್ಕ ಏರ್ಪಾಡು. ನವಾರು ಸಡಿಲವಾಗಿ ತೊಟ್ಟಿಲಿನಂತೆ ಜೋತುಬಿದ್ದರೆ ಮಾತ್ರ ಬೆನ್ನೆಲುಬು ಬಾಗುತ್ತದೆ; ಏಳುವುದೂ ಕಷ್ಟವಾಗುತ್ತದೆ. ನೆಲದ ಮೇಲೆ ಹಾಸುವುದಾದರೆ ಹಾಸಿಗೆಯ ಅಡಿಗೆ ರಬ್ಬರಿನ ಚಾಪೆ ಇರಲೇಬೇಕು. ಏಳುವಾಗ ನಾಯಿ ಕಾಲುಗಳಿಂದ ಹಾಸಿಗೆಯನ್ನು ಹಿಂದಕ್ಕೆ ನೂಕುತ್ತದೆ. ಟೈಲ್ಸಿನ ಮೇಲೆ ಘರ್ಷಣೆ ಸಾಲದಿದ್ದರೆ ಹಾಸಿಗೆ ಜಾರಿ ನಾಯಿ ಮುಗ್ಗರಿಸುತ್ತದೆ.

ಹಾಸಿಗೆಯಿಂದ ಆಗದುದನ್ನೂ ಹೇಳಬೇಕು. ಕೀಲಿನ ರೋಗವನ್ನು ಯಾವ ಹಾಸಿಗೆಯೂ ವಾಸಿಮಾಡದು, ಅದಕ್ಕೆ ಪಶುವೈದ್ಯರಿದ್ದಾರೆ. ಒತ್ತಡವೆಂದರೆ ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದ ಲಬ್ಧ. ಹಾಸಿಗೆ ಸರಿಪಡಿಸುವುದು ಕೆಳಗಿನ ಅಂಕಿಯನ್ನು. ಮೇಲಿನ ಅಂಕಿಯು ಅನ್ನದ ತಟ್ಟೆಯಲ್ಲಿದೆ. ೨೦೦೨ರಲ್ಲಿ ಪ್ರಕಟವಾದ ಒಂದು ದೀರ್ಘಕಾಲದ ಅಧ್ಯಯನದಲ್ಲಿ ೪೮ ಲ್ಯಾಬ್ರಡಾರ್ ನಾಯಿಗಳನ್ನು ಜೋಡಿಗಳಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ ೨೫ರಷ್ಟು ಕಡಮೆ ಆಹಾರ ಕೊಡಲಾಗಿತ್ತು. ಕಡಮೆ ಉಂಡವು ಮಧ್ಯಮ ಲೆಕ್ಕದಲ್ಲಿ ಸುಮಾರು ೧.೮ ವರ್ಷ ಹೆಚ್ಚು ಬದುಕಿದುವು. ಅವುಗಳಿಗೆ ಸಂಧಿವಾತದ ಚಿಕಿತ್ಸೆ ಬೇಕಾದುದೂ ತಡವಾಗಿ. ಪ್ರೀತಿಯಿಂದ ಅತಿಯಾಗಿ ಉಣಿಸಿ, ಅನಂತರ ಬೆಲೆಯುಳ್ಳ ಹಾಸಿಗೆ ಕೊಂಡರೆ ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದಂತಾಗುತ್ತದೆ.

ತೂಕವೊಂದೇ ಮುಖ್ಯವೆಂದೂ ತಿಳಿಯಬಾರದು. ನಮ್ಮ ಮುಧೋಳದ ಬೇಟೆನಾಯಿ ಹಗುರವಾದುದು. ಆದರೆ ಅದರ ಮೈಯಲ್ಲಿ ಕೊಬ್ಬು ಕಡಮೆ, ಎಲುಬಿನ ಉಬ್ಬುಗಳು ಎದ್ದು ಕಾಣುತ್ತವೆ. ಭಾರ ಕಡಮೆಯಾದರೂ ಅದು ಬೀಳುವ ಜಾಗವೂ ಕಿರಿದು. ಅದಕ್ಕೂ ಹಾಸಿಗೆ ಬೇಕು. ಬಿರುಸು ಕಡಮೆಯಿರುವುದು ಬೇಕು, ಅಷ್ಟೆ.

ಹಾಸಿಗೆಗಳ ಮೇಲೆ ‘ಆರ್ಥೋಪೀಡಿಕ್’ ಎಂಬ ಪದವನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕುವುದು ಈಗ ವಾಡಿಕೆಯಾಗಿದೆ. ಆ ಪದದ ಕೆಳಗೆ ಫೋಮಿನ ದಪ್ಪ, ಸಾಂದ್ರತೆ, ಆಧಾರಾಂಕ ಮತ್ತು ಎಷ್ಟು ತೂಕದ ನಾಯಿಗೆ ತಕ್ಕುದು ಎಂಬ ನಾಲ್ಕು ಅಂಕಿಗಳಿಲ್ಲದಿದ್ದರೆ ಅದು ಹೊಗಳಿಕೆಯ ಮಾತೇ ಹೊರತು ಗುಣದ ಪ್ರಮಾಣವಲ್ಲ. ಸಿಮೆಂಟಿನ ಚೀಲದ ಮೇಲೆ ತೂಕವನ್ನೂ ದೀಪದ ಮೇಲೆ ವ್ಯಾಟನ್ನೂ ನೋಡಿ ಕೊಳ್ಳುವ ನಾವು ಹಾಸಿಗೆಯ ಮುಂದೆ ಮಾತ್ರ ಏಕೆ ಅಂಗೈಯನ್ನು ನಂಬಬೇಕು? ಇದು ನಾಯಿಯ ವಿಷಯವೆಂದು ನಗುವವರು ಒಂದನ್ನು ಯೋಚಿಸಲಿ. ತಿಂಗಳುಗಟ್ಟಲೆ ಮಲಗಿದಲ್ಲೇ ಇರುವ ವೃದ್ಧರ ಬೆನ್ನಿಗೂ ಸೊಂಟಕ್ಕೂ ಹುಣ್ಣಾಗುವುದು ಇದೇ ಒತ್ತಡದಿಂದ; ಅವರ ಹಾಸಿಗೆಯನ್ನೂ ನಾವು ಹೀಗೆಯೇ ಮುಟ್ಟಿ ನೋಡಿ ಕೊಳ್ಳುತ್ತೇವೆ. ಕೇಳುವವರಿಲ್ಲದಿದ್ದರೆ ಯಾವ ತಯಾರಕನೂ ತಾನಾಗಿ ಅಂಕಿಗಳನ್ನು ಅಚ್ಚು ಹಾಕಲಾರನು. ಮುಂದಿನ ಬಾರಿ ಅಂಗಡಿಗೆ ಹೋದಾಗ ‘ಮೆತ್ತಗಿದೆಯೇ?’ ಎಂದು ಕೇಳುವುದನ್ನು ಬಿಟ್ಟು, ‘ಇದು ಎಷ್ಟು ಭಾರವನ್ನು ಸೋಲದೆ ಹೊರುತ್ತದೆ?’ ಎಂದು ಕೇಳಿ. ಉತ್ತರ ಬಾರದಿದ್ದರೆ ಆ ಹಾಸಿಗೆಯನ್ನು ಅಲ್ಲಿಯೇ ಬಿಟ್ಟು ಬನ್ನಿ.